ಹುಟ್ಟಿನ ಬರಹ: ಜಮಖಂಡಿ–ಮುಧೋಳ ಸೀಮೆಯಲ್ಲಿ ಜನಾಂಗ ಗ್ರಂಥಗಳೂ ಸಮಾನತೆಯ ವಾದವೂ

ಮನುಷ್ಯನ ಯೋಗ್ಯತೆ ಅವನ ಹುಟ್ಟಿನಲ್ಲಿದೆಯೇ ಎಂಬ ವಾದ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಿಗೆ ಹೊಸದಲ್ಲ. ಕಾವ್ಯ, ವಚನ, ಲಾವಣಿ, ಗೆಜೆಟಿಯರ್, ಸರಕಾರಿ ಪಟ್ಟಿ ಹೀಗೆ ಅದು ವೇಷ ಬದಲಿಸುತ್ತ ಬಂದಿದೆ. 949ರಲ್ಲಿ ಮುದುವೊಳಲಲ್ಲಿ, ಅಂದರೆ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಸ್ಥಾನದ ಕವಿಚಕ್ರವರ್ತಿಯಾದ. ರಬಕವಿ-ಬನಹಟ್ಟಿಯ ನೇಕಾರರು ತಮ್ಮ ಕುಲದ ಹಿರಿಯನೆಂದು ನೆನೆಯುವ ವಚನಕಾರ ದಾಸಿಮಯ್ಯ, ಹೆಣ್ಣು-ಗಂಡೆಂಬುದು ದೇಹದ ಗುರುತೇ ಹೊರತು ಜೀವದ್ದಲ್ಲ ಎಂದವನು. ಜೇಡರ ದಾಸಿಮಯ್ಯನೂ ದೇವಾಂಗ ನೇಕಾರರ ದೇವರ ದಾಸಿಮಯ್ಯನೂ ಒಬ್ಬನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಇಂದಿಗೂ ಜಗಳಾಡುತ್ತಾರೆ. ಕುಲವನ್ನು ಮೀರಿ ಮಾತಾಡಿದವನ ಕುಲಕ್ಕಾಗಿ ಈ ಜಗಳ.

ಚರಿತ್ರೆ ತೀಕ್ಷ್ಣವಾಗುವುದು ಹಲಗಲಿಯಲ್ಲಿ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಈ ಹಳ್ಳಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಕಸುಬು ಮತ್ತು ಮರ್ಯಾದೆ, ಎರಡೂ. ಇಂಗ್ಲಿಷರ ದಂಡು ನವೆಂಬರಿನಲ್ಲಿ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಜಡಗ, ಬಾಲ ಮೊದಲಾದವರು ಗಲ್ಲಿಗೇರಿದರು. ಆಮೇಲೆ ಈ ಜನ ಎರಡು ಬಗೆಯಲ್ಲಿ ಬರಹಕ್ಕೆ ಬಂದರು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ವಿಜಾಪುರ ಗೆಜೆಟಿಯರ್ (1884) ಜಿಲ್ಲೆಯ ಜಾತಿಗಳನ್ನು ಬಣ್ಣ, ಮೈಕಟ್ಟು, ಊಟ, ನಡತೆಗಳ ಪ್ರಕಾರ ವಿಂಗಡಿಸಿತು. ಒಂದಿಡೀ ಜಾತಿಯ ಸ್ವಭಾವಕ್ಕೆ ಎರಡು ಸಾಲು ಸಾಕಿತ್ತು. ಲಾವಣಿಕಾರರು ಹಲಗಲಿಯವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ಪ್ರಕಟಿಸಿದವನೂ ಈಸ್ಟ್ ಇಂಡಿಯಾ ಕಂಪನಿಯ ಉತ್ತರಾಧಿಕಾರಿ ಸರಕಾರದ ಅಧಿಕಾರಿಯೇ, ಶಾಸನತಜ್ಞ ಜೆ. ಎಫ್. ಫ್ಲೀಟ್. ಇಂದು ಶಾಲೆಯ ಮಕ್ಕಳು ಓದುವುದು ಲಾವಣಿಯನ್ನು, ಗೆಜೆಟಿಯರನ್ನಲ್ಲ.

ಗೆಜೆಟಿಯರಿನ ಕೈ ಮಾತ್ರ ಉದ್ದವಾಗಿತ್ತು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಮೂಗಿನ ಅಳತೆಗೂ ಜಾತಿಯ ಮೇಲು-ಕೀಳಿಗೂ ಗಂಟುಹಾಕಿದ್ದ. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿದ 1871ರ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ಹೊಸರೂಪ ಪಡೆದ ಮೇಲೆ ಮುಂಬಯಿ ಪ್ರಾಂತದಲ್ಲೂ ಬಲಗೊಂಡಿತು. ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಒಳಗಿದ್ದವರಿಗೆ ಹಾಜರಿ, ಹೊರಗೆ ಹೋಗಲು ಪಾಸು. ಹುಟ್ಟುವ ಮೊದಲೇ ದರ್ಜೆ ನಿಗದಿಯಾಗುವ ನಾಡನ್ನು ಆಲ್ಡಸ್ ಹಕ್ಸ್‌ಲಿ 1932ರ ಕಾದಂಬರಿಯಲ್ಲಿ ಕಲ್ಪಿಸಿದ. ಇಲ್ಲಿ ಅದಕ್ಕೆ ಕಲ್ಪನೆ ಬೇಕಿರಲಿಲ್ಲ. ಕಾಯಿದೆ 1952ರಲ್ಲಿ ಹೋಯಿತು, ಹುಬ್ಬಳ್ಳಿ-ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಓಣಿಯ ಹೆಸರು ಉಳಿಯಿತು.

ಜನಾಂಗವಾದವನ್ನು ಸಮಾನತೆಗಾಗಿ ತಿರುಗಿಸಿ ಹಿಡಿದವರೂ ಇದ್ದರು. ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಆರ್ಯರ ಆಕ್ರಮಣದ ಕಥೆಯನ್ನೇ ಶೂದ್ರರ ಪರ ಸಾಕ್ಷಿಯಾಗಿಸಿದರು. ಅಂಬೇಡ್ಕರ್ ಆ ದಾರಿ ಹಿಡಿಯಲಿಲ್ಲ. ಶೂದ್ರರ ಮೂಲದ ಬಗ್ಗೆ 1946ರಲ್ಲಿ ಬರೆದ ಗ್ರಂಥದಲ್ಲಿ ಆರ್ಯ ಜನಾಂಗದ ಸಿದ್ಧಾಂತವನ್ನೇ ತಳ್ಳಿಹಾಕಿದರು. ನನ್ನ ಮಟ್ಟಿಗೆ ಇದೇ ಗಟ್ಟಿ ನಿಲುವು, ಏಕೆಂದರೆ ರಕ್ತದ ವಾದವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಈ ಸೀಮೆಯಲ್ಲಿ ಹೆಚ್ಚು ನಾಟಿದ್ದು ವಚನ. ಫ. ಗು. ಹಳಕಟ್ಟಿ ತಾಳೆಗರಿಗಳಿಂದ ತೆಗೆದ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂತು. ಜಮಖಂಡಿ ಬಳಿಯ ಸಾವಳಗಿಯ ಬಿ. ಡಿ. ಜತ್ತಿ ಪಟವರ್ಧನ ಅರಸರ ಜಮಖಂಡಿ ಸಂಸ್ಥಾನದಲ್ಲಿ ದಿವಾನರಾಗಿ, 1948ರಲ್ಲಿ ಅದರ ವಿಲೀನ ಕಂಡು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ವಚನಗಳ ಪ್ರಸಾರಕ್ಕೆಂದು 1964ರಲ್ಲಿ ಬಸವ ಸಮಿತಿ ಕಟ್ಟಿದರು.

ಬೇಡ ಸಮುದಾಯದವರೇ ಆದ ಎಲ್. ಜಿ. ಹಾವನೂರ 1975ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ವರದಿ ಕೊಟ್ಟರು. ಅಳತೆಗೆ ಮೈಕೊಟ್ಟವರ ಮನೆಯವರ ಕೈಗೇ ಅಳತೆಗೋಲು ಬಂದಂತಾಯಿತು. 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದವು. 2020ರಲ್ಲಿ ತಳವಾರ, ಪರಿವಾರ. ತಳವಾರಿಕೆ ಊರ ಕಾವಲಿನ ಹುದ್ದೆಯೂ ಹೌದು. ಹಾಗಾಗಿ ತಳವಾರ ಎಂಬುದು ಜಾತಿಯ ಹೆಸರೋ ಕೆಲಸದ ಹೆಸರೋ ಎಂಬ ತಕರಾರು ಜಾತಿ ಪ್ರಮಾಣಪತ್ರದ ಅರ್ಜಿಗಳೊಡನೆ ತಹಶೀಲ್ದಾರ ಕಚೇರಿಗಳಿಗೆ ಬಂದು ಕೂತಿದೆ.