ಗೋಡೆಗೆ ನೇತುಹಾಕಿದ ಸರ್ಟಿಫಿಕೇಟಿನ ಕಥೆ

ಹತ್ತು ಚದರ ಮೀಟರ್. ನಮ್ಮ ಅಡಿ ಲೆಕ್ಕದಲ್ಲಿ ಸುಮಾರು 108 ಚದರ ಅಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂದು ಸಣ್ಣ ಬೆಡ್‌ರೂಮಿನಷ್ಟು ಜಾಗ. ಅಲ್ಲೊಂದು ಫ್ರಿಜ್, ಗೋಡೆ ತುಂಬಾ ರ‍್ಯಾಕು, ಮುಂದೆ ಒಂದು ಕೌಂಟರ್, ಕೌಂಟರಿನ ಹಿಂದೆ ಒಬ್ಬ ರಿಜಿಸ್ಟರ್ಡ್ ಫಾರ್ಮಸಿಸ್ಟ್. ಈ ದೇಶದಲ್ಲಿ ಮೆಡಿಕಲ್ ಶಾಪ್ ತೆರೆಯಬೇಕು ಅಂದ್ರೆ ಕಾನೂನು ಮುಖ್ಯವಾಗಿ ಕೇಳೋದು ಇಷ್ಟನ್ನೇ.

ಕಾರ್ಯಕ್ರಮಕ್ಕೆ ಫೋನ್ ಮಾಡೋ ಹುಡುಗರು ನನ್ನ ಹತ್ತಿರ ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಸಾರ್, ನಾನು ಡಿ.ಫಾರ್ಮ ಓದಿಲ್ಲ, ಅಂಗಡಿ ಇಡಬಹುದಾ?" ಇಡಬಹುದು. ಮಾಲೀಕ ಯಾರಾದರೂ ಆಗಬಹುದು, ಬಂಡವಾಳ ಯಾರದ್ದಾದರೂ ಇರಬಹುದು, ಫಾರ್ಮಸಿಸ್ಟನನ್ನು ಕೆಲಸಕ್ಕೆ ಇಟ್ಟುಕೊಂಡರೆ ಸಾಕು. ಎರಡನೇ ಪ್ರಶ್ನೆ ಸ್ವಲ್ಪ ದನಿ ತಗ್ಗಿಸಿ ಬರುತ್ತೆ: "ಸರ್ಟಿಫಿಕೇಟ್ ಬಾಡಿಗೆಗೆ ಸಿಗುತ್ತಂತಲ್ಲಾ ಸಾರ್?"

ಈ ಎರಡನೇ ಪ್ರಶ್ನೆಗೆ ಉತ್ತರ ಹೇಳೋ ಮೊದಲು ನಾವು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಆ ಸರ್ಟಿಫಿಕೇಟು ಗೋಡೆ ಮೇಲೆ ಸುಮ್ಮನೆ ಬಂದು ಕೂತಿದ್ದಲ್ಲ.

ಕಥೆ ಶುರುವಾಗೋದು ಮಲೇರಿಯಾದಿಂದ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಜ್ವರ ಅಂದರೆ ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲ ಅದು. ಅದಕ್ಕಿದ್ದ ಮದ್ದು ಒಂದೇ, ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕಹಿ ಪುಡಿ. ನೀಲಗಿರಿಯಲ್ಲೂ ಡಾರ್ಜಿಲಿಂಗ್ ಕಡೆಯೂ ಬ್ರಿಟಿಷರು ಸಿಂಕೋನಾ ತೋಟ ಹಾಕಿದ್ದರು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಯಲ್ಲೇ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಮಾರುವ ವ್ಯವಸ್ಥೆ ಬಂತು. ಯೋಚನೆ ಮಾಡಿ, ಕಾಗದ ಹಾಕೋ ಜಾಗದಲ್ಲಿ ಔಷಧಿ. ಲೈಸೆನ್ಸು, ಫಾರ್ಮಸಿಸ್ಟು ಯಾವುದೂ ಇಲ್ಲ.

ಬೇಡಿಕೆ ಜೋರಾಗಿರೋ ಕಡೆ ಕಳ್ಳರು ಬರ್ತಾರೆ. ಬಂದರು. ಕ್ವಿನೈನ್ ಹೆಸರಲ್ಲಿ ಕಲಬೆರಕೆ ಮಾತ್ರೆ, ಸತ್ವ ಕಳೆದುಕೊಂಡ ಮಾತ್ರೆ, ಲೇಬಲ್ಲಿನಲ್ಲಿ ಬರೆದಷ್ಟು ಮದ್ದೇ ಇಲ್ಲದ ಮಾತ್ರೆ ಮಾರುಕಟ್ಟೆ ತುಂಬಿದವು. ಹೊರದೇಶದಿಂದಲೂ ಕಳಪೆ ಸರಕು ಬಂದು ಬಿತ್ತು. ಜ್ವರದಲ್ಲಿ ನಡುಗುತ್ತಿರೋ ಮನುಷ್ಯ ಕಾಸು ಕೊಟ್ಟು ತಗೊಂಡದ್ದು ಹಿಟ್ಟೋ ಮದ್ದೋ ಅಂತ ಯಾರೂ ನೋಡುತ್ತಿರಲಿಲ್ಲ. ನೋಡಬೇಕು ಅಂತ ಹೇಳುವ ಸರಿಯಾದ ಕಾನೂನೇ ಇರಲಿಲ್ಲ.

1927ರ ಮಾರ್ಚ್‌ನಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಸರ್ ಹರೂನ್ ಜಾಫರ್ ಒಂದು ನಿರ್ಣಯ ಮಂಡಿಸಿದರು. ಔಷಧಗಳ ಕಲಬೆರಕೆಗೆ ಕಡಿವಾಣ ಹಾಕಿ ಅನ್ನೋದು ಅದರ ತಿರುಳು. ಸರ್ಕಾರ ಏನು ಮಾಡಿತು? ಸರ್ಕಾರಗಳು ಯಾವಾಗಲೂ ಮಾಡೋದನ್ನೇ ಮಾಡಿತು, ಒಂದು ಸಮಿತಿ. ಅದೂ ಮೂರು ವರ್ಷ ಬಿಟ್ಟು, 1930ರಲ್ಲಿ. ಆದರೆ ಅಧ್ಯಕ್ಷರ ಆಯ್ಕೆ ಮಾತ್ರ ಚೆನ್ನಾಗಿತ್ತು. ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿದ್ದ ಕರ್ನಲ್ ರಾಮನಾಥ ಚೋಪ್ರಾ. ಭಾರತದ ಔಷಧ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ದೊಡ್ಡ ಹೆಸರು.

ಚೋಪ್ರಾ ಸಮಿತಿ ಹೆಚ್ಚು ಎಳೆಯಲಿಲ್ಲ, 1931ರಲ್ಲೇ ವರದಿ ಕೊಟ್ಟಿತು. ದೇಶಕ್ಕೆಲ್ಲ ಒಂದು ಔಷಧ ಕಾನೂನು ಬೇಕು, ಪರೀಕ್ಷೆ ಮಾಡಲು ಪ್ರಯೋಗಾಲಯ ಬೇಕು. ಇಷ್ಟು ಹೇಳಿದ್ದರೆ ಅದೊಂದು ಸಾಧಾರಣ ವರದಿ ಆಗುತ್ತಿತ್ತು. ಅದು ಇನ್ನೊಂದು ಮಾತು ಹೇಳಿತು: ಔಷಧ ಕೊಡುವ ಕೆಲಸವನ್ನೇ ಒಂದು ವೃತ್ತಿ ಮಾಡಿ, ಅವರಿಗೆ ಓದು ಕೊಡಿ, ಹೆಸರು ನೋಂದಾಯಿಸಿ. ಅಂದರೆ ಬಾಟಲಿಯ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು, ಬಾಟಲಿ ಹಿಡಿದ ಕೈಯ ಮೇಲೂ ಇಡಬೇಕು.

ಆಗ ಆ ಕೈ ಯಾರದ್ದು? ಕಾಂಪೌಂಡರ್‌ದು. ಹಿರಿಯ ಓದುಗರಿಗೆ ನೆನಪಿರುತ್ತೆ. ಡಾಕ್ಟರು ಚೀಟಿ ಬರೆದರೆ ಪರದೆಯ ಆ ಕಡೆ ಕಾಂಪೌಂಡರ್ ದೊಡ್ಡ ಜಾಡಿಗಳಿಂದ ಗುಲಾಬಿ ಬಣ್ಣದ್ದೋ ಹಸಿರು ಬಣ್ಣದ್ದೋ ಮಿಕ್ಸ್ಚರ್ ಬೆರೆಸಿ ಬಾಟಲಿಗೆ ತುಂಬುತ್ತಿದ್ದ. ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದ, ಒಂದು ಹಲ್ಲಿಗೆ ಒಂದು ಹೊತ್ತಿನ ಡೋಸು. ಬಹುಪಾಲು ಜನ ಈ ವಿದ್ಯೆಯನ್ನು ಕಲಿತದ್ದು ನೋಡಿ ನೋಡಿ, ಮಾಡಿ ಮಾಡಿ. ಅವರಲ್ಲಿ ಎಷ್ಟೋ ಜನ ಡಾಕ್ಟರಿಗಿಂತ ಜಾಣರು ಅಂತ ಊರಲ್ಲಿ ಹೆಸರು ಮಾಡಿದ್ದರು. ಆದರೆ ಕೈ ತಪ್ಪಿದರೆ ಕೇಳುವವರಿರಲಿಲ್ಲ.

ವರದಿ ಬಂದ ಮೇಲೆ ಕಾನೂನು ಬರಲು ಒಂಬತ್ತು ವರ್ಷ ಹಿಡಿಯಿತು. ಮೊದಲು ಆಮದು ಔಷಧಕ್ಕೆ ಮಾತ್ರ ಅಂತ ಒಂದು ಮಸೂದೆ ತಂದರು, ಅದು ಸಾಲದು ಅಂತಾಯಿತು. ಈ ನಡುವೆ, 1937ರಲ್ಲಿ, ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಮದ್ದನ್ನು ಡೈಇಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅವರು ಮರುವರ್ಷವೇ ಹೊಸ ಕಾನೂನು ಮಾಡಿಬಿಟ್ಟರು. ನಮ್ಮಲ್ಲಿ ಔಷಧ ಕಾಯ್ದೆ ಬಂದದ್ದು 1940ರ ಏಪ್ರಿಲ್‌ನಲ್ಲಿ, ಅದರ ನಿಯಮಗಳು 1945ರ ಡಿಸೆಂಬರ್‌ನಲ್ಲಿ. ಇವತ್ತು ಮೆಡಿಕಲ್ ಶಾಪ್ ಲೈಸೆನ್ಸಿಗೆ ತುಂಬುವ ಫಾರಂ 19, ಕೈಗೆ ಸಿಗುವ ಫಾರಂ 20 ಮತ್ತು 21, ಎಲ್ಲದರ ತಾಯಿಬೇರು ಆ 1945ರ ನಿಯಮಗಳಲ್ಲಿದೆ.

ಇಲ್ಲೊಂದು ನಮ್ಮದೇ ವಿಷಯ. ಆ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಹುಬ್ಬಳ್ಳಿ ಆಗ ಬಾಂಬೆ ಪ್ರಾಂತ್ಯ, ಮಂಗಳೂರು ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯ, ಕಲಬುರಗಿ ನಿಜಾಮರದ್ದು, ಮೈಸೂರು ಮಹಾರಾಜರದ್ದು. ಸ್ವಾತಂತ್ರ್ಯ ಬಂದು, ಮೈಸೂರು ಮತ್ತು ಹೈದರಾಬಾದಿನಂಥ 'ಬಿ' ದರ್ಜೆಯ ರಾಜ್ಯಗಳಿಗೂ 1951ರಲ್ಲಿ ಕೇಂದ್ರದ ಕಾಯ್ದೆಗಳನ್ನು ವಿಸ್ತರಿಸುವವರೆಗೆ ಕನ್ನಡ ನಾಡಿಗೆಲ್ಲ ಒಂದೇ ಔಷಧ ಕಾನೂನು ಅನ್ನೋದು ಇರಲಿಲ್ಲ.

ಇನ್ನು ಆ ಕೈಯ ವಿಷಯ. ಓದಿಸುವವರು ಬೇಕಲ್ಲ? ಕಾನೂನು ಕಾಯದೇ ಆ ಕೆಲಸ ಶುರು ಮಾಡಿದವರು ಮಹಾದೇವ ಲಾಲ್ ಶ್ರಾಫ್. ಅಮೆರಿಕದ ಎಂಐಟಿಯಲ್ಲಿ ಓದಿ ಬಂದವರು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರದ ಪಾಠ ಆರಂಭಿಸಿದರು, 1937ಕ್ಕೆ ಅದು ಬಿ.ಫಾರ್ಮ ಪದವಿಯಾಯಿತು. ನಾನು ಎಂಜಿನಿಯರಿಂಗ್ ಓದಿದವನು. ಎಂಐಟಿ ಅಂದರೆ ನಮಗೆಲ್ಲ ಕಂಪ್ಯೂಟರ್, ರೊಬೋಟ್. ಅಲ್ಲಿ ಓದಿದ ಒಬ್ಬ ಮನುಷ್ಯ ಬಂದು ನಮ್ಮ ಮಾತ್ರೆ ಅಂಗಡಿಗಳಿಗೆ ಶಿಸ್ತು ಕಲಿಸಲು ಜೀವ ತೇಯ್ದರು ಅನ್ನೋದನ್ನು ಯಾವ ಕಾಲೇಜಿನಲ್ಲೂ ನನಗೆ ಯಾರೂ ಹೇಳಲಿಲ್ಲ.

1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ರಾಜ್ಯಕ್ಕೊಂದು ಫಾರ್ಮಸಿ ಕೌನ್ಸಿಲ್, ಒಂದು ರಿಜಿಸ್ಟರ್. ಆಗ ದೇಶದಲ್ಲಿ ಓದಿದ ಫಾರ್ಮಸಿಸ್ಟರು ಎಷ್ಟಿದ್ದರು? ಬೆರಳೆಣಿಕೆ. ಹಾಗಾಗಿ ಮೊದಲ ರಿಜಿಸ್ಟರಿಗೆ ಡಿಗ್ರಿ ಇಲ್ಲದಿದ್ದರೂ ಐದು ವರ್ಷ ಔಷಧ ಬೆರೆಸಿ ಕೊಟ್ಟ ಅನುಭವ ಇದ್ದವರನ್ನು ಸೇರಿಸಿಕೊಂಡರು. ನಮ್ಮ ಹಳೇ ಕಾಂಪೌಂಡರುಗಳು ಫಾರ್ಮಸಿಸ್ಟರಾದದ್ದು ಹೀಗೆ. ಇದರಲ್ಲಿ ನನಗೆ ತಪ್ಪೇನೂ ಕಾಣೋದಿಲ್ಲ. ಆದರೆ ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆ ಯಾರೂ ಡಾಕ್ಟರ ಚೀಟಿಗೆ ಔಷಧ ಕೊಡಬಾರದು ಎಂಬ 42ನೇ ಸೆಕ್ಷನ್ ಇದೆಯಲ್ಲ, ಅದನ್ನು ಯಾವತ್ತಿನಿಂದ ಜಾರಿ ಮಾಡಬೇಕು ಅನ್ನೋದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಬಿಟ್ಟದ್ದು ಬಿಟ್ಟಂತೆಯೇ ಉಳಿಯಿತು. ಕೊನೆಗೆ 1976ರ ತಿದ್ದುಪಡಿಯಲ್ಲಿ, ರಾಜ್ಯಗಳು ದಿನಾಂಕ ಹೇಳದಿದ್ದರೆ ಎಂಟು ವರ್ಷದ ನಂತರ ತಾನಾಗೇ ಜಾರಿ ಎಂದು ಬರೆದರು. ಅಂದರೆ 1984. ಕಾಯ್ದೆಯ ಹೃದಯದಂಥ ಒಂದು ಸಾಲು ದೇಶಪೂರ್ತಿ ಬಡಿದುಕೊಳ್ಳಲು 36 ವರ್ಷ ಬೇಕಾಯಿತು!

ಈ 36 ವರ್ಷದಲ್ಲಿ ಏನಾಯಿತು? ಅಂಗಡಿಗಳು ಬೆಳೆದವು, ಅಭ್ಯಾಸವೂ ಬೆಳೆಯಿತು. ಮಾತ್ರೆ ಈಗ ಸ್ಟ್ರಿಪ್‌ನಲ್ಲಿ ಬರುತ್ತೆ, ಬೆರೆಸೋದೇನೂ ಇಲ್ಲ, ಓದಿ ಎತ್ತಿ ಕೊಟ್ಟರಾಯಿತು, ಅದಕ್ಕೇಕೆ ಡಿಪ್ಲೊಮಾ? ಈ ವಾದ ಇವತ್ತಿಗೂ ನಡೆಯುತ್ತೆ. ಆದರೆ ಒಂದೇ ತರಹ ಕೇಳುವ ಎರಡು ಹೆಸರಿನ ಮಾತ್ರೆ, ಬಿಪಿ ಮಾತ್ರೆಯ ಜೊತೆ ನುಂಗಬಾರದ ಇನ್ನೊಂದು ಮಾತ್ರೆ, ಮಗುವಿನ ತೂಕಕ್ಕೆ ತಕ್ಕ ಸಿರಪ್ಪಿನ ಅಳತೆ... ಇದನ್ನೆಲ್ಲ ಸ್ಟ್ರಿಪ್ ತಾನೇ ಬಾಯಿಬಿಟ್ಟು ಹೇಳುತ್ತಾ?

ಈಗ ನಿಯಮದ ಒಳಗೊಂದು ತಮಾಷೆ ನೋಡಿ. ಅಂಗಡಿ ಬೋರ್ಡಿನಲ್ಲಿ ಏನು ಬರೆಯಬೇಕು ಅಂತಲೂ ನಿಯಮವಿದೆ. ಫಾರ್ಮಸಿಸ್ಟ್ ಬೇಕಾಗದ, ನಿರ್ಬಂಧಿತ ಲೈಸೆನ್ಸಿನ ಅಂಗಡಿ ಆದರೆ 'ಡ್ರಗ್ ಸ್ಟೋರ್'. ಫಾರ್ಮಸಿಸ್ಟ್ ಇದ್ದು ಔಷಧ ಬೆರೆಸುವ ವಿಭಾಗ ಇಲ್ಲದಿದ್ದರೆ 'ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್'. ಬೆರೆಸುವ ವಿಭಾಗವೂ ಇದ್ದರೆ ಮಾತ್ರ 'ಫಾರ್ಮಸಿ'. ಅದಕ್ಕೆ ತಕ್ಕಡಿ, ಕಲ್ಲುಗುಂಡು, ಅಳತೆ ಪಾತ್ರೆ ಎಲ್ಲ ಇರಬೇಕು ಅಂತ ಶೆಡ್ಯೂಲ್ ಎನ್ ಪಟ್ಟಿಯನ್ನೇ ಕೊಟ್ಟಿದೆ. ನಿಮ್ಮ ಬೀದಿಯಲ್ಲಿ 'ಫಾರ್ಮಸಿ' ಅಂತ ಹಸಿರು ದೀಪದಲ್ಲಿ ಹೊಳೆಯುವ ಅಂಗಡಿಯೊಳಗೆ ಒಂದು ಕಲ್ಲುಗುಂಡು ಸಿಕ್ಕರೆ ನನಗೂ ತಿಳಿಸಿ. ನಾವಂತೂ ಎಲ್ಲದಕ್ಕೂ 'ಮೆಡಿಕಲ್ಸ್' ಅಂದು ಕೈತೊಳೆದುಕೊಂಡಿದ್ದೇವೆ.

ಇನ್ನೊಂದು: ಸಾವಿರಕ್ಕಿಂತ ಹೆಚ್ಚು ಜನ ಇಲ್ಲದ ಹಳ್ಳಿಯಲ್ಲಿ ಕೆಲವು ಮನೆಮದ್ದುಗಳನ್ನು ಮಾರಲು ಈ ಲೈಸೆನ್ಸ್ ಬೇಡ ಅಂತ ಶೆಡ್ಯೂಲ್ ಕೆ ವಿನಾಯಿತಿ ಕೊಟ್ಟಿತು. ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮು, ಹರಳೆಣ್ಣೆ, ನೀಲಗಿರಿ ಎಣ್ಣೆ. ಅದೇ ಪಟ್ಟಿಯಲ್ಲಿ ಕ್ವಿನೈನ್ ಮಾತ್ರೆಯೂ ಇದೆ. ಯಾವ ಮಾತ್ರೆಯ ಮೋಸದಿಂದ ಇಷ್ಟೆಲ್ಲ ಕಾನೂನು ಹುಟ್ಟಿತೋ, ಅದೇ ಮಾತ್ರೆ!

ಇವತ್ತಿನ ದಾರಿ ಹೀಗಿದೆ. ಕರ್ನಾಟಕದಲ್ಲಾದರೆ ನಿಮ್ಮ ವೃತ್ತದ ಸಹಾಯಕ ಔಷಧ ನಿಯಂತ್ರಕರಿಗೆ ಅರ್ಜಿ. ಒಂದೊಂದು ಲೈಸೆನ್ಸಿಗೆ 1,500 ರೂಪಾಯಿ ಶುಲ್ಕ, 20 ಮತ್ತು 21 ಎರಡಕ್ಕೂ ಸೇರಿ 3,000. ಅಂಗಡಿಯ ನಕ್ಷೆ, ಬಾಡಿಗೆ ಕರಾರು, ಫಾರ್ಮಸಿಸ್ಟನ ನೋಂದಣಿ ಪತ್ರ, ಅವನ ಒಪ್ಪಿಗೆ. ಇನ್ಸ್‌ಪೆಕ್ಟರ್ ಬಂದು ಜಾಗ ಅಳೆದು, ಫ್ರಿಜ್ ನೋಡಿ ಹೋಗುತ್ತಾರೆ. ಹೋಲ್‌ಸೇಲ್ ಕೂಡ ಅದೇ ಅಂಗಡಿಯಲ್ಲಿ ಮಾಡ್ತೀರಾ? ಆಗ 15 ಚದರ ಮೀಟರ್. ಮೊದಲು ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣ ಮಾಡಿಸಬೇಕಿತ್ತು. 2017ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಸಾಕು, ಅಮಾನತು ಅಥವಾ ರದ್ದು ಆಗದ ಹೊರತು ಲೈಸೆನ್ಸ್ ನಡೆಯುತ್ತೆ.

ಸರ್ಕಾರದ ಲೈಸೆನ್ಸ್ ಸಿಕ್ಕರೂ ಸಾಲದು ಎಂಬ ಕಾಲವೊಂದಿತ್ತು. ಕಂಪನಿಗಳ ಸ್ಟಾಕಿಸ್ಟ್ ಆಗಬೇಕಾದರೆ ವರ್ತಕರ ಸಂಘದ ಎನ್‌ಒಸಿ ತರಬೇಕಿತ್ತು. ಇದು ಪೈಪೋಟಿ ಕಾನೂನಿಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ 2013ರಲ್ಲಿ ಅಖಿಲ ಭಾರತ ಸಂಘಕ್ಕೆ ದಂಡ ಹಾಕಿತು. 2015ರಲ್ಲಿ ಕರ್ನಾಟಕದ ಸಂಘದ ವಿರುದ್ಧವೂ ಇಂಥದ್ದೇ ಆದೇಶ ಬಂತು. ಕಾನೂನಿನಲ್ಲಿ ಇಲ್ಲದ ಲೈಸೆನ್ಸನ್ನು ಕೇಳುವ ಧೈರ್ಯ ಎಲ್ಲಿಂದ ಬರುತ್ತೋ!

ಈಗ ಆ ಹುಡುಗನ ಎರಡನೇ ಪ್ರಶ್ನೆಗೆ ಬರೋಣ. ಸರ್ಟಿಫಿಕೇಟ್ ಬಾಡಿಗೆಗೆ ಸಿಗುತ್ತಾ? ಸಿಗುತ್ತೆ ಅನ್ನೋದು ಊರಿಗೇ ಗೊತ್ತಿರೋ ಗುಟ್ಟು. ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ, 500 ಗಂಟೆ ತರಬೇತಿ ಪಡೆದು, ಕೌನ್ಸಿಲ್‌ನಲ್ಲಿ ಹೆಸರು ಬರೆಸಿರುತ್ತಾನೆ. ಅಂಗಡಿಯಲ್ಲಿ ನಿಂತರೆ ಸಿಗುವ ಸಂಬಳ ಕಡಿಮೆ. ಹಾಗಾಗಿ ಸರ್ಟಿಫಿಕೇಟನ್ನು ಒಂದು ಊರಿನ ಗೋಡೆಗೆ ನೇತುಹಾಕಿ, ಅವನು ಇನ್ನೊಂದು ಊರಲ್ಲಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಬಡ ಮನೆಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಲೆಕ್ಕದ ಮೇಲೆ. ಲೈಸೆನ್ಸ್ ಕೊಡುವಾಗ ಹತ್ತು ಚದರ ಮೀಟರನ್ನು ಟೇಪು ಹಿಡಿದು ಅಳೆಯುವ ವ್ಯವಸ್ಥೆ, ಲೈಸೆನ್ಸ್ ಕೊಟ್ಟ ಮೇಲೆ ಫಾರ್ಮಸಿಸ್ಟ್ ದಿನಾ ಅಲ್ಲಿ ನಿಂತಿದ್ದಾನಾ ಅಂತ ನೋಡೋದು ಅಪರೂಪ. ಗೋಡೆ ಎಲ್ಲೂ ಓಡಿ ಹೋಗಲ್ಲ, ಅಳೆಯೋದು ಸುಲಭ. ಮನುಷ್ಯನದ್ದೇ ಕಷ್ಟ.

2014ರ ಮಾರ್ಚ್‌ನಿಂದ ಎಚ್1 ಪಟ್ಟಿ ಜಾರಿಗೆ ಬಂತು. ಕೆಲವು ಪ್ರಬಲ ಆ್ಯಂಟಿಬಯಾಟಿಕ್, ಕ್ಷಯದ ಔಷಧ, ಚಟ ಹಿಡಿಸುವ ಮಾತ್ರೆ ಸೇರಿ 46 ಔಷಧ. ಇವನ್ನು ಕೊಟ್ಟಾಗ ಪ್ರತ್ಯೇಕ ರಿಜಿಸ್ಟರಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಬರೆಯಬೇಕಾದವನು ಬೇರೆ ಊರಲ್ಲಿದ್ದರೆ ಆ ಪುಸ್ತಕದಲ್ಲಿ ಬರೆಯೋರು ಯಾರು?

ನಕಲಿ ಫಾರ್ಮಸಿಸ್ಟರ ಬಗ್ಗೆ ಬಿಹಾರದಿಂದ ಒಂದು ಅರ್ಜಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಸ್ಪತ್ರೆಯ ಔಷಧ ವಿಭಾಗವನ್ನಾಗಲಿ ಮೆಡಿಕಲ್ ಅಂಗಡಿಯನ್ನಾಗಲಿ ನೋಂದಣಿ ಇಲ್ಲದವರ ಕೈಗೆ ಕೊಟ್ಟರೆ ಜನರ ಆರೋಗ್ಯಕ್ಕೇ ಕುತ್ತು ಅಂತ 2022ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಪಟ್ನಾ ಹೈಕೋರ್ಟ್ ಆ ಅರ್ಜಿಯನ್ನು ಹಗುರವಾಗಿ ಮುಗಿಸಿದ್ದಕ್ಕೆ ಬೇಸರ ತೋರಿ, ಮತ್ತೆ ಮೊದಲಿನಿಂದ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸಿತು. ಚೋಪ್ರಾ ಸಮಿತಿ ಇದೇ ಮಾತನ್ನು ಬರೆದು ಅವತ್ತಿಗೆ 91 ವರ್ಷ ಆಗಿತ್ತು.