ಇಕಿಗಾಯ್ ಮತ್ತು ನಾಗಾಶಿಮಾ ದ್ವೀಪದ ವೈದ್ಯೆ

ನಿವೃತ್ತಿಯ ಅಂಚಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಒಂದು ಚಿತ್ರ ಕಳುಹಿಸಿದ್ದ. ಒಂದನ್ನೊಂದು ಹಾಯ್ದು ನಿಂತ ನಾಲ್ಕು ವೃತ್ತಗಳು: ನಿಮಗೆ ಪ್ರಿಯವಾದುದು, ನೀವು ಬಲ್ಲದ್ದು, ಲೋಕಕ್ಕೆ ಬೇಕಾದುದು, ಹಣ ತರುವಂಥದು. ನಾಲ್ಕೂ ಕೂಡುವ ನಡುವೆ ‘ಇಕಿಗಾಯ್’ ಎಂದು ಬರೆದಿತ್ತು. “ಮೇಷ್ಟ್ರೇ, ಸಂಬಳ ನಿಂತ ಮೇಲೆ ಒಂದು ವೃತ್ತ ಅಳಿಸಿಹೋಗುತ್ತದಲ್ಲ, ಆಗೇನು ಮಾಡುವುದು?” ಎಂಬುದು ಅವನ ಪ್ರಶ್ನೆ. ತಮಾಷೆಗೆ ಕೇಳಿದ್ದನೋ ಅಳುಕಿನಿಂದ ಕೇಳಿದ್ದನೋ ತಿಳಿಯದು. ದೂರವಾಣಿಯಲ್ಲಿ ಹೇಳಿ ಮುಗಿಸುವಂಥ ವಿಷಯ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಆ ಚಿತ್ರ ಜಪಾನಿನದಲ್ಲ. ಸ್ಪೇನಿನ ಆಂದ್ರೆಸ್ ಸುಸುನಾಗ ಎಂಬವರು ಜೀವನೋದ್ದೇಶವನ್ನು ಕುರಿತು ಬರೆದಿದ್ದ ವೃತ್ತಗಳ ನಡುವೆ, 2014ರಲ್ಲಿ ಮಾರ್ಕ್ ವಿನ್ ಎಂಬವರು ತಮ್ಮ ಇಂಗ್ಲಿಷ್ ಬರಹವೊಂದರಲ್ಲಿ ಈ ಜಪಾನೀ ಪದವನ್ನು ತಂದು ಕೂರಿಸಿದರು. ಚಿತ್ರ ಲೋಕವನ್ನೇ ಸುತ್ತಿತು. ಪದವಂತೂ ಹಳೆಯದು. ‘ಇಕಿ’ ಎಂದರೆ ಬದುಕು. ‘ಕಾಯ್’ ಎಂದರೆ ಸಾರ್ಥಕ್ಯ, ಪಟ್ಟ ಶ್ರಮಕ್ಕೆ ದಕ್ಕುವ ಫಲ. ಎರಡೂ ಕೂಡಿದಾಗ ಕಕಾರವು ಗಕಾರವಾಗುತ್ತದೆ, ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆಯೇ! ಮೂವತ್ತು ವರ್ಷ ಆದೇಶಸಂಧಿಯನ್ನು ಬೋಧಿಸಿದವನಿಗೆ ಇದು ಸಣ್ಣ ಸಂತೋಷವೇನಲ್ಲ. ಜಪಾನೀಯರ ನಿತ್ಯದ ಮಾತಿನಲ್ಲಿ ಮೊಮ್ಮಗುವೂ ಇಕಿಗಾಯ್ ಆಗಬಹುದು, ಹಿತ್ತಲ ಹೂಗಿಡವೂ ಆಗಬಹುದು. ಸಂಬಳದ ಪ್ರಸ್ತಾಪ ಅಲ್ಲಿ ಕಡ್ಡಾಯವಲ್ಲ.

ಈ ಮನೆಮಾತನ್ನು ಗಂಭೀರ ವಿಚಾರಕ್ಕೆ ಒಳಪಡಿಸಿದ ಗ್ರಂಥ ‘ಇಕಿಗಾಯ್ ನಿ ತ್ಸುಯಿತೆ’, ಅಂದರೆ ‘ಇಕಿಗಾಯ್ ಕುರಿತು’. 1966ರಲ್ಲಿ ಪ್ರಕಟವಾಯಿತು. ಬರೆದವರು ಕಾಮಿಯಾ ಮಿಯೆಕೋ ಎಂಬ ಮನೋವೈದ್ಯೆ. ಆ ವಿಚಾರ ಮೊಳೆತದ್ದು ಕುಷ್ಠರೋಗಿಗಳನ್ನು ಕೂಡಿಹಾಕಿದ್ದ ಒಂದು ದ್ವೀಪದಲ್ಲಿ.

ಕಾಮಿಯಾ ಜನಿಸಿದ್ದು 1914ರಲ್ಲಿ, ಒಕಾಯಾಮಾದಲ್ಲಿ. ತಂದೆ ಮಾಯೆದಾ ತಾಮೋನ್ 1945ರಲ್ಲಿ ಜಪಾನಿನ ಶಿಕ್ಷಣ ಸಚಿವರಾಗಿದ್ದವರು. ಅದಕ್ಕೂ ಮೊದಲು ಅವರ ಉದ್ಯೋಗದ ನಿಮಿತ್ತ ಕುಟುಂಬ ಜಿನೀವಾದಲ್ಲಿ ನೆಲೆಸಿದ್ದಾಗ ಬಾಲಕಿಗೆ ಫ್ರೆಂಚ್ ಭಾಷೆ ತಾಯ್ನುಡಿಯಷ್ಟೇ ಸಲೀಸಾಯಿತು. 1933ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕ್ರೈಸ್ತ ಬೋಧಕರಾಗಿದ್ದ ಸೋದರಮಾವನ ಜೊತೆಗೆ ಟೋಕಿಯೋ ಸಮೀಪದ ಕುಷ್ಠರೋಗಿಗಳ ಆಸ್ಪತ್ರೆಗೆ ಹೋದರು. ಪ್ರಾರ್ಥನೆಗೆ ಆರ್ಗನ್ ನುಡಿಸುವುದಷ್ಟೇ ಅವರ ಕೆಲಸ. ಎದುರಿಗೆ ಕುಳಿತು ಹಾಡುತ್ತಿದ್ದವರ ಮುಖಗಳನ್ನು ಕಂಡು, ಈ ರೋಗ ತನಗೆ ಬಾರದೆ ಇವರಿಗೇಕೆ ಬಂತು ಎಂಬ ಪ್ರಶ್ನೆ ಹೊತ್ತು ಮರಳಿದರು. ವೈದ್ಯೆಯಾಗಿ ಇಲ್ಲಿಗೇ ಬರಬೇಕೆಂದು ಅಂದೇ ನಿಶ್ಚಯಿಸಿದರು.

ನಿಶ್ಚಯಕ್ಕೂ ಕಾರ್ಯಕ್ಕೂ ನಡುವೆ ಇಪ್ಪತ್ತನಾಲ್ಕು ವರ್ಷಗಳು ಸರಿದವು. ತಂದೆ ಒಪ್ಪಲಿಲ್ಲ. ಕ್ಷಯರೋಗ ಬಂತು, ಏಕಾಂತದ ಆ ದಿನಗಳಲ್ಲಿ ಗ್ರೀಕ್ ಕಲಿತು ಮಾರ್ಕಸ್ ಅರೇಲಿಯಸನನ್ನು ಓದಿಕೊಂಡರು (ಮುಂದೆ 1949ರಲ್ಲಿ ಅವನ ಚಿಂತನೆಗಳ ಅವರ ಜಪಾನೀ ಅನುವಾದ ಪ್ರಕಟವಾಯಿತು). 1941ರಲ್ಲಿ ಕಡೆಗೂ ವೈದ್ಯಕೀಯ ಶಿಕ್ಷಣ ಆರಂಭ. 1943ರಲ್ಲಿ ಹನ್ನೆರಡು ದಿನ ನಾಗಾಶಿಮಾ ದ್ವೀಪದ ಆಯ್‌ಸೇಯೆನ್ ಕುಷ್ಠಾಲಯದಲ್ಲಿದ್ದು ಬಂದರು. ಬಳಿಕ ಯುದ್ಧ, ವಿವಾಹ, ಇಬ್ಬರು ಗಂಡುಮಕ್ಕಳು, ಸಂಸಾರ ತೂಗಿಸಲು ಭಾಷಾಬೋಧನೆ. 1955ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಚಿಕಿತ್ಸೆಯಿಂದ ಗುಣವಾಯಿತು. 1957ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಒಸಾಕಾ ಕಡೆಯ ತಮ್ಮ ಮನೆಯಿಂದ ಆ ದ್ವೀಪಕ್ಕೆ ಹೋಗಿಬಂದು ಕೆಲಸ ಮಾಡತೊಡಗಿದರು.

ನಾಗಾಶಿಮಾ ಎಂಥ ಸ್ಥಳವೆಂದು ಹೇಳಬೇಕು. 1930ರಲ್ಲಿ ಸ್ಥಾಪಿತವಾದ ಜಪಾನಿನ ಮೊದಲ ರಾಷ್ಟ್ರೀಯ ಕುಷ್ಠಾಲಯವದು. ಕಾನೂನಿನ ಬಲದಿಂದ ರೋಗಿಗಳನ್ನು ಅಲ್ಲಿ ತಂದಿಡಲಾಗುತ್ತಿತ್ತು. ಒಂದು ಕಾಲಕ್ಕೆ ಅವರ ಸಂಖ್ಯೆ ಎರಡು ಸಾವಿರ ಮೀರಿತ್ತು. ಕೈಯಲ್ಲಿದ್ದ ಹಣ ಕಿತ್ತುಕೊಂಡು ದ್ವೀಪದೊಳಗಷ್ಟೇ ಚಲಾವಣೆಯಾಗುವ ನಾಣ್ಯ ಕೊಡುತ್ತಿದ್ದರು. ಮನೆತನಕ್ಕೆ ಕಳಂಕ ತಟ್ಟದಿರಲೆಂದು ಅನೇಕರು ಹೆಸರನ್ನೇ ಬದಲಿಸಿಕೊಂಡರು. ವಿವಾಹವಾಗಬೇಕಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಬೇಕಿತ್ತು. ಸತ್ತರೂ ಚಿತಾಭಸ್ಮ ಊರು ಸೇರುತ್ತಿರಲಿಲ್ಲ. ಅದಕ್ಕೂ ದ್ವೀಪದಲ್ಲೇ ಒಂದು ಭವನವಿತ್ತು.

ಶಿಷ್ಯನ ನಾಲ್ಕನೆಯ ವೃತ್ತ ಅಲ್ಲಿ ಎಂದೋ ಅಳಿಸಿಹೋಗಿತ್ತು. ಉಳಿದ ಮೂರೂ ಎಷ್ಟರಮಟ್ಟಿಗೆ ಉಳಿದಿದ್ದವು?

ಕಾಮಿಯಾ ರೋಗಿಗಳ ಮನಸ್ಥಿತಿಯನ್ನು ಕ್ರಮಬದ್ಧವಾಗಿ ವಿಚಾರಿಸಿದರು. ರೋಗ ಸೌಮ್ಯವಾಗಿದ್ದವರಲ್ಲಿಯೇ ಅನೇಕರು, ಉಣ್ಣಲು ಉಡಲು ಕೊರತೆಯಿಲ್ಲದವರು, ದಿನಗಳಿಗೆ ಅರ್ಥವೇ ಇಲ್ಲವೆಂದರು. ಅದೇ ಆವರಣದಲ್ಲಿ ಕಣ್ಣನ್ನೂ ಬೆರಳ ಸ್ಪರ್ಶವನ್ನೂ ಕಳೆದುಕೊಂಡವರು ಇದ್ದರು. ಬೆರಳು ಜಡವಾದುದರಿಂದ ಅವರು ಬ್ರೈಲ್ ಲಿಪಿಯ ಚುಕ್ಕೆಗಳನ್ನು ನಾಲಗೆಯ ತುದಿಯಿಂದ ಓದಲು ಕಲಿತರು. ಕಲಿಯುವಾಗ ನಾಲಗೆ ಬಿರಿದು ಕಾಗದಕ್ಕೆ ರಕ್ತ ಹತ್ತುತ್ತಿತ್ತು. ಅಂಧರು ಕೂಡಿ ಹಾರ್ಮೋನಿಕಾ ವಾದ್ಯವೃಂದ ಕಟ್ಟಿದರು. ಪದ್ಯ ಕಟ್ಟುವವರಿದ್ದರು. ಇಂಥವರಲ್ಲಿ ಕೆಲವರ ಮುಖದ ಪ್ರಸನ್ನತೆ ವೈದ್ಯೆಯನ್ನು ಬೆರಗುಗೊಳಿಸಿತು. ಒಂದೇ ಗೋಡೆಯೊಳಗೆ ಈ ವ್ಯತ್ಯಾಸವೇಕೆ? ಅವರ ಪುಸ್ತಕದ ಮೂಲ ಪ್ರಶ್ನೆ ಇದು. ಬದುಕಿಗೆ ಸಾರ್ಥಕ್ಯ ಕೊಡುವ ವಸ್ತು ಬೇರೆ, ಸಾರ್ಥಕವಾಯಿತೆಂಬ ಭಾವ ಬೇರೆ ಎಂದು ಅವರು ಬಿಡಿಸಿ ನೋಡಿದರು. ಸುಖವೂ ಇಕಿಗಾಯ್ ಭಾವವೂ ಒಂದಲ್ಲ. ಇಂದಿನ ದಿನ ಕತ್ತಲಾಗಿದ್ದರೂ ಮುಂದಕ್ಕೆ ನಡೆಯುತ್ತಿದ್ದೇನೆಂಬ ಅನಿಸಿಕೆ ಅದರಲ್ಲಿದೆ ಎಂದರು. ಇದ್ದುದನ್ನು ಕಳೆದುಕೊಂಡವನು ಮತ್ತೆ ಅದನ್ನು ಪಡೆಯುವ ಬಗೆ ಎಂತು ಎಂಬುದಕ್ಕೆ ಪುಸ್ತಕದ ಬಹುಭಾಗ ಮೀಸಲು.

ಒಂದು ಆಕ್ಷೇಪವನ್ನು ಮರೆಮಾಚಬಾರದು. ಪುಸ್ತಕ ಬಂದಾಗ ಕುಷ್ಠಕ್ಕೆ ಔಷಧಿ ದೊರೆತು ವರ್ಷಗಳಾಗಿದ್ದವು. ಆದರೂ ಬಂಧನದ ಕಾನೂನು ಜಾರಿಯಲ್ಲಿತ್ತು. ರೋಗಿಯ ಅಂತರಂಗವನ್ನು ಅಷ್ಟು ಆಳವಾಗಿ ಕಂಡ ಕಾಮಿಯಾ ಹೊರಗಿನ ಗೋಡೆಯನ್ನು ಏಕೆ ಪ್ರಶ್ನಿಸಲಿಲ್ಲವೆಂದು ಜಪಾನಿನಲ್ಲಿಯೇ ಟೀಕೆಗಳು ಬಂದಿವೆ. ಟೀಕೆ ನ್ಯಾಯವಾದುದೇ ಎಂದು ನನ್ನ ಅಭಿಪ್ರಾಯ. ನಾಲಗೆಯಿಂದ ಓದಿದವನ ಹಿರಿಮೆ, ಅವನನ್ನು ಅಲ್ಲಿ ಇರಿಸಿದವರಿಗೆ ಸಮರ್ಥನೆಯಾಗಲಾರದು. ಹಾಗೆಂದು ಆ ಹಿರಿಮೆಯನ್ನು ಕಂಡು ಬರೆದಿಟ್ಟವರನ್ನು ತಳ್ಳಿಹಾಕಲೂ ಮನಸ್ಸು ಬಾರದು.

ಹೃದಯದ ಕಾಯಿಲೆಯಿಂದಾಗಿ 1972ರಲ್ಲಿ ಕಾಮಿಯಾ ದ್ವೀಪದ ಕೆಲಸ ಬಿಟ್ಟರು. 1979ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾಗಾಶಿಮಾವನ್ನು ನಾಡಿನಿಂದ ಬೇರ್ಪಡಿಸಿದ್ದ ನೀರು, ಅತಿ ಕಿರಿದಾದ ಕಡೆ, ಸುಮಾರು ಮೂವತ್ತು ಮೀಟರ್ ಅಗಲವಷ್ಟೇ. ಅದಕ್ಕೆ ಸೇತುವೆ ಬಂದದ್ದು 1988ರಲ್ಲಿ. ಕಾನೂನು ರದ್ದಾದದ್ದು 1996ರಲ್ಲಿ. 2001ರ ಮೇ 11ರಂದು ಕುಮಾಮೊತೊ ಜಿಲ್ಲಾ ನ್ಯಾಯಾಲಯವು ಆ ಪ್ರತ್ಯೇಕವಾಸ ಸಂವಿಧಾನವಿರೋಧಿಯಾಗಿತ್ತೆಂದು ತೀರ್ಪಿತ್ತಿತು. ಅಷ್ಟರಲ್ಲಿ ದ್ವೀಪದವರು ಮುದುಕರಾಗಿದ್ದರು. ಸೇತುವೆ ದಾಟಿ ಹೋಗಲು ಅನೇಕರಿಗೆ ಮನೆಗಳಿರಲಿಲ್ಲ. ಅವರು ಅಲ್ಲಿಯೇ ಉಳಿದರು.