ತೊಂಬತ್ತೊಂಬತ್ತು ನಿಮಿಷದ ಹಡಗು

'ಕಟಮರಾನ್' ಅನ್ನುವ ಪದ ನಮ್ಮ ಪಕ್ಕದ ಮನೆಯದೇ. ತಮಿಳಿನ 'ಕಟ್ಟುಮರಂ'. ಮರದ ದಿಮ್ಮಿಗಳನ್ನು ಸೇರಿಸಿ ಕಟ್ಟಿದರೆ ಕಟ್ಟುಮರ. ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೋರಮಂಡಲ ತೀರದ ಬೆಸ್ತರಿಂದ ಈ ಹೆಸರು ಕಲಿತ ಇಂಗ್ಲಿಷರು ಆಮೇಲೆ ಎರಡು ಒಡಲುಗಳನ್ನು ಪಕ್ಕಪಕ್ಕ ಜೋಡಿಸಿದ ದೋಣಿಗಳಿಗೆಲ್ಲ ಅದನ್ನೇ ಇಟ್ಟುಬಿಟ್ಟರು. ಆ ಹೆಸರು ಹೊತ್ತ ಒಂದು ದೈತ್ಯ ಹಡಗಿನ ಕಥೆ ಇದು. ಜೊತೆಗೆ ಅದನ್ನು ನಂಬಿದ ಒಂದು ಊರಿನ ಕಥೆಯೂ ಹೌದು.

ಊರಿನ ಹೆಸರು ಡನ್ ಲೀರಿ. ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ದಕ್ಷಿಣಕ್ಕಿರುವ ಬಂದರು. 1821ರಲ್ಲಿ ದೊರೆ ನಾಲ್ಕನೇ ಜಾರ್ಜ್ ಬಂದುಹೋದ ನೆನಪಿಗೆ ಇದನ್ನು ಕಿಂಗ್ಸ್‌ಟೌನ್ ಅಂತ ಕರೆದರು. 1920ರಲ್ಲಿ ಹಳೆಯ ಹೆಸರು ಮರಳಿ ಬಂತು. 19ನೇ ಶತಮಾನದ ಮೊದಲರ್ಧದಿಂದಲೇ ಇಲ್ಲಿಂದ ವೇಲ್ಸ್‌ನ ಹೋಲಿಹೆಡ್‌ಗೆ ಟಪಾಲು ಹಡಗು ಓಡುತ್ತಿತ್ತು. 1918ರ ಅಕ್ಟೋಬರ್ 10ರಂದು ಜರ್ಮನ್ ಸಬ್‌ಮರೀನೊಂದು ಮುಳುಗಿಸಿದ 'ಲೀನ್‌ಸ್ಟರ್' ಇದೇ ದಾರಿಯ ಹಡಗು. ಸತ್ತವರು 500ಕ್ಕೂ ಹೆಚ್ಚು. 1950ರ ದಶಕದಲ್ಲಿ ಇಂಗ್ಲೆಂಡಿಗೆ ಕೆಲಸ ಹುಡುಕಿ ಹೊರಟ ಐರಿಷ್ ಹುಡುಗ ಹುಡುಗಿಯರು ಊರಿಗೆ ಬೆನ್ನು ಹಾಕಿದ್ದೂ ಇದೇ ಕಟ್ಟೆಯಿಂದ.

ಈಗ ಹಡಗಿಗೆ ಬರೋಣ.

1990ರಲ್ಲಿ ಸ್ವೀಡನ್ನಿನ ಸ್ಟೆನಾ ಕಂಪನಿ ಬ್ರಿಟನ್ನಿನ ಸೀಲಿಂಕ್ ಹಡಗು ಸೇವೆಯನ್ನು ಕೊಂಡಿತು. ಆ ಹೊತ್ತಿಗೆ ಇಂಗ್ಲಿಷ್ ಕಾಲುವೆಯ ಅಡಿಯಲ್ಲಿ ರೈಲು ಸುರಂಗ ಕೊರೆಯುವ ಕೆಲಸ ನಡೆದಿತ್ತು, ಅಗ್ಗದ ವಿಮಾನಗಳೂ ಶುರುವಾಗಿದ್ದವು. ಹಡಗು ಉಳಿಯಬೇಕಾದರೆ ಓಡಬೇಕು, ಜೋರಾಗಿ ಓಡಬೇಕು! ಹಾಗೆ ಹುಟ್ಟಿದ್ದು 'ಎಚ್‌ಎಸ್‌ಎಸ್ 1500'. ಫಿನ್ಲೆಂಡಿನ ರೌಮಾದಲ್ಲಿ ಮೂರು ಹಡಗುಗಳು ತಯಾರಾದವು. ಮೊದಲನೆಯದು 'ಸ್ಟೆನಾ ಎಕ್ಸ್‌ಪ್ಲೋರರ್'. 1996ರ ಏಪ್ರಿಲ್‌ನಲ್ಲಿ ಹೋಲಿಹೆಡ್ ಮತ್ತು ಡನ್ ಲೀರಿ ನಡುವೆ ಓಡಾಟ ಶುರುಮಾಡಿತು.

ಉದ್ದ ಸುಮಾರು 126 ಮೀಟರ್, ಅಗಲ 40 ಮೀಟರ್. 1500 ಜನ, 375 ಕಾರು. ಒಳಗೆ ಮೆಕ್‌ಡೊನಾಲ್ಡ್ಸ್ ಕೂಡ ಇತ್ತು. ವಿಮಾನದ ಎಂಜಿನ್ನಿನಿಂದ ರೂಪಿಸಿದ ನಾಲ್ಕು ಗ್ಯಾಸ್ ಟರ್ಬೈನುಗಳು. ಹಿಂದೆ ತಿರುಗುವ ಪಂಖವಿಲ್ಲ. ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುವ ಜೆಟ್. ವೇಗ 40 ನಾಟ್, ಅಂದರೆ ಗಂಟೆಗೆ 74 ಕಿಲೋಮೀಟರ್. ಹಳೆಯ ಹಡಗಿಗೆ ಮೂರೂವರೆ ಗಂಟೆ ಹಿಡಿಯುತ್ತಿದ್ದ ದಾರಿಗೆ 99 ನಿಮಿಷ ಸಾಕು.

ದಡಕ್ಕೆ ಬರುವ ರೀತಿಯೂ ಹೊಸದು. ಹಿಮ್ಮುಖವಾಗಿ ಬಂದು ಕಟ್ಟೆಗೆ ಅಂಟಿಕೊಳ್ಳುತ್ತಿತ್ತು. ಹಿಂಬದಿಯ ಬಾಗಿಲುಗಳಿಂದ ಒಳಹೊಕ್ಕ ಕಾರು ಅಲ್ಲೇ ಅರ್ಧಸುತ್ತು ತಿರುಗಿ ನಿಂತರೆ ಆಚೆ ದಡದಲ್ಲಿ ನೇರವಾಗಿ ಹೊರಬರಬಹುದು. ಇದಕ್ಕೆಂದೇ ಅಳತೆ ಹಿಡಿದು ಕಟ್ಟಿದ ಕಟ್ಟೆ ಬೇಕು. ಡನ್ ಲೀರಿ ಅದನ್ನು ಕಟ್ಟಿಕೊಟ್ಟಿತು, ಹೊಸ ಟರ್ಮಿನಲ್ ಸಮೇತ.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಮಾಮೂಲಿ ಹಡಗಿನ ವೇಗ ದುಪ್ಪಟ್ಟು ಮಾಡಬೇಕಾದರೆ ಸ್ಥೂಲ ಲೆಕ್ಕದಲ್ಲಿ ಎಂಟು ಪಟ್ಟು ಶಕ್ತಿ ಬೇಕು. ಸಪೂರವಾದ ಜೋಡಿ ಒಡಲು ನೀರಿನ ತಡೆಯನ್ನು ಕಡಿಮೆ ಮಾಡುತ್ತದೆ ನಿಜ, ಆದರೆ ಲೆಕ್ಕವನ್ನೇ ಅಳಿಸಿಹಾಕುವಷ್ಟಲ್ಲ. ಅದರ ಮೇಲೆ ಈ ಟರ್ಬೈನುಗಳಿಗೆ ಮಾಮೂಲಿ ಹಡಗುಗಳ ಅಗ್ಗದ ದಪ್ಪ ಎಣ್ಣೆ ಆಗದು, ದುಬಾರಿ ತಿಳಿ ಎಣ್ಣೆಯೇ ಬೇಕು. 1998ರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ ಹತ್ತು ಡಾಲರಿನ ಆಸುಪಾಸಿಗೆ ಇಳಿದಿತ್ತು, ಯಾರಿಗೂ ಚಿಂತೆಯಿರಲಿಲ್ಲ. 1999ರ ಜುಲೈಯಲ್ಲಿ ಯುರೋಪಿನ ದೇಶಗಳ ನಡುವೆ ಸುಂಕವಿಲ್ಲದ ಮಾರಾಟ ನಿಂತು ಹಡಗಿನ ಅಂಗಡಿಗಳ ಲಾಭಕ್ಕೆ ಏಟು ಬಿತ್ತು. ಅದೇ ತಿಂಗಳು ಮೂರನೇ ಹಡಗು 'ಡಿಸ್ಕವರಿ' ಎಬ್ಬಿಸಿದ ಅಲೆ ಇಂಗ್ಲೆಂಡಿನ ಹ್ಯಾರಿಚ್ ಬಳಿ ಮೀನು ಹಿಡಿಯುತ್ತಿದ್ದ ಸಣ್ಣ ದೋಣಿಗೆ ಬಡಿದು ಒಬ್ಬರು ತೀರಿಕೊಂಡರು. 2008ರ ಜುಲೈಯಲ್ಲಂತೂ ತೈಲ 147 ಡಾಲರ್ ಮುಟ್ಟಿತು.

ಡಿಸ್ಕವರಿ 2007ರಲ್ಲೇ ನಿಂತಿತ್ತು. ಮುಂದೆ ಅದನ್ನು ವೆನೆಜುವೆಲಾದ ಕಂಪನಿಗೆ ಮಾರಿದರು, ಕಡೆಗೆ ಗುಜರಿ ಸೇರಿತು. ಬೆಲ್‌ಫಾಸ್ಟ್ ಮಾರ್ಗದ 'ವಾಯೇಜರ್' 2011ರಲ್ಲಿ ನಿಂತು, 2013ರಲ್ಲಿ ಸ್ವೀಡನ್ನಿನಲ್ಲಿ ತುಂಡಾಯಿತು. ಎಕ್ಸ್‌ಪ್ಲೋರರ್ ಮಾತ್ರ ಹೇಗೋ ಏದುಸಿರು ಬಿಡುತ್ತಿತ್ತು. ಎಣ್ಣೆ ಉಳಿಸಲು ವೇಗ ತಗ್ಗಿಸಿದರು. ದಿನಕ್ಕೆ ಹಲವು ಸಲ ಓಡುತ್ತಿದ್ದದ್ದು ಒಂದೇ ಸಲ ಆಯಿತು; ಆಮೇಲೆ ಪ್ರವಾಸಿಗರ ಕಾಲದಲ್ಲಿ ಮಾತ್ರ. ವೇಗಕ್ಕೆಂದೇ ಹುಟ್ಟಿದ ಹಡಗನ್ನು ನಿಧಾನವಾಗಿ ಓಡಿಸುವುದು ಅಂದರೆ ನೋಡಿ, ಕುದುರೆ ಕೊಂಡು ಗಾಣಕ್ಕೆ ಕಟ್ಟಿದ ಹಾಗೆ.

2014ರ ಸೆಪ್ಟೆಂಬರಿನಲ್ಲಿ ಅದು ಕೊನೆಯ ಸಲ ಓಡಿತು. 2015ರ ಫೆಬ್ರವರಿಯಲ್ಲಿ ಕಂಪನಿ, ಈ ಮಾರ್ಗ ಇನ್ನಿಲ್ಲ ಅಂದಿತು. ಅದೇ ವರ್ಷ ಹಡಗನ್ನು ತೇಲುವ ಕಚೇರಿ ಮಾಡಿಕೊಳ್ಳಲೆಂದು ಟರ್ಕಿಯ ಕಂಪನಿಯೊಂದು ಕೊಂಡೊಯ್ದಿತು.

ಡನ್ ಲೀರಿಗೆ ಉಳಿದದ್ದೇನು? ಬೇರೆ ಹಡಗಿಗೆ ಹೊಂದದ ಕಟ್ಟೆ, ಖಾಲಿ ಟರ್ಮಿನಲ್. ಲಾರಿಗಳನ್ನು ತುಂಬಿಕೊಂಡು ಮೂರು ಗಂಟೆಗೂ ಮಿಕ್ಕಿ ತೆವಳುವ ದೊಡ್ಡ ಹಡಗುಗಳು ಪಕ್ಕದ ಡಬ್ಲಿನ್ ಬಂದರಿನಿಂದ ಲಾಭದಲ್ಲೇ ಓಡುತ್ತಿದ್ದವು. ವಿಶ್ವಯುದ್ಧದ ಟಾರ್ಪಿಡೋಗೂ ಕಡಿಯದ ನಂಟು ಎಣ್ಣೆಯ ಬಿಲ್ಲಿಗೆ ಕಡಿಯಿತು.

ಹಡಗು ಕಟ್ಟಿದವರು ದಡ್ಡರಲ್ಲ. ಅವರ ಯಂತ್ರ ಹೇಳಿದ ಮಾತನ್ನು ನಡೆಸಿಕೊಟ್ಟಿತು. 99 ನಿಮಿಷ ಅಂದರೆ 99 ನಿಮಿಷವೇ. ಬಂದರು ತಪ್ಪಿದ್ದು ಬೇರೆ ಕಡೆ. ಹಡಗುಗಳು ಬರುತ್ತವೆ, ಹೋಗುತ್ತವೆ. ಯಾವ ಹಡಗು ಬಂದರೂ ನಿಲ್ಲುವ ಹಾಗಿರಬೇಕಾದದ್ದು ದಡ. ಅಲ್ಲಿ ದಡವೇ ಒಂದು ಹಡಗಿನ ಅಳತೆಗೆ ತನ್ನನ್ನು ಹೊಲಿಸಿಕೊಂಡಿತು.

ಕಟ್ಟುಮರದ ಬೆಸ್ತ ತನ್ನ ದಿಮ್ಮಿಗಳನ್ನು ಯಾವ ಮರಳಿನ ಮೇಲೆ ಬೇಕಾದರೂ ಎಳೆದು ನಿಲ್ಲಿಸುತ್ತಿದ್ದ. ಹೆಸರು ತೆಗೆದುಕೊಂಡವರು ಆ ಗುಣವನ್ನೂ ತೆಗೆದುಕೊಂಡಿದ್ದರೆ ಚೆನ್ನಾಗಿತ್ತು, ಅಲ್ವಾ?